ಕಾವೇರಿ ದಂಡೆಗೆ ಕಾವಲಿನವರನ್ನು ಕೊಡಿ: ಮಂಡ್ಯ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಅರಣ್ಯ ಇಲಾಖೆ ಹಾಗೂ ಕಾವೇರಿ ನೀರಾವರಿ ನಿಗಮದ ಅಧಿಕಾರಿಗಳಿಗೆ, ಮತ್ತು ರಜೆ ಬಂದರೆ ಹೊಳೆಯ ಕಡೆ ಹೊರಡುವ ಎಲ್ಲ ನಾಗರಿಕರಿಗೆ,

ನಮಸ್ಕಾರಗಳು.

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಒಂದು ಪ್ರಕಟಣೆಯನ್ನು ನಾವೆಲ್ಲ ಓದುತ್ತೇವೆ. ಬಲಮುರಿ, ಎಡಮುರಿ, ಶ್ರೀರಂಗಪಟ್ಟಣದ ಸಂಗಮ, ಮುತ್ತತ್ತಿ ಮೊದಲಾದ ಕಡೆ ಹೊಸ ವರ್ಷದ ಆಚರಣೆಗೆ ಯಾರೂ ಬರಕೂಡದೆಂದು ನಿಷೇಧಾಜ್ಞೆ ಹೊರಡಿಸಲಾಗಿದೆ ಎಂಬುದು ಅದರ ಸಾರ. ಬೇಸಿಗೆಯಲ್ಲಿ ಯಾವುದಾದರೂ ಮನೆಯ ಮಗ ನೀರುಪಾಲಾದ ಮೇಲೆ ಇಂಥದೇ ಇನ್ನೊಂದು ಆದೇಶ ಬರುತ್ತದೆ. ಎರಡು ಬ್ಯಾರಿಕೇಡು ಬೀಳುತ್ತವೆ, ತಲೆಬುರುಡೆಯ ಚಿತ್ರವಿರುವ ಫಲಕವೊಂದು ನಿಲ್ಲುತ್ತದೆ, ಕೆಲವು ದಿನ ಪೊಲೀಸ್ ಜೀಪು ಬಂದು ಹೋಗುತ್ತದೆ. ಆಮೇಲೆ ಜೀಪು ಬರುವುದು ನಿಲ್ಲುತ್ತದೆ, ಬ್ಯಾರಿಕೇಡಿನ ಪಕ್ಕದಲ್ಲಿ ಬೈಕು ನುಸುಳುವಷ್ಟು ದಾರಿಯಾಗುತ್ತದೆ, ಜನ ಮೊದಲಿನಂತೆ ನೀರಿಗಿಳಿಯುತ್ತಾರೆ.

ಈ ಆದೇಶಗಳ ಹಿಂದಿನ ಕಾಳಜಿಯನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ ಆಗಿದ್ದು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿರುವ ಈ ಅಧಿಕಾರ ತುರ್ತು ಸಂದರ್ಭಕ್ಕೆಂದು ಇರುವಂಥದು; ಸಾಮಾನ್ಯವಾಗಿ ಅಂಥ ಆದೇಶದ ಆಯುಷ್ಯ ಎರಡು ತಿಂಗಳು ಮಾತ್ರ. ಹೊಳೆಯೋ ವರ್ಷದ ಹನ್ನೆರಡು ತಿಂಗಳೂ ಅಲ್ಲೇ ಇರುತ್ತದೆ. ಆದ್ದರಿಂದ ನನ್ನ ಕೋರಿಕೆಯನ್ನು ಮೊದಲಿಗೇ ಹೇಳಿಬಿಡುತ್ತೇನೆ. ಕಾವೇರಿಯ ದಂಡೆಯಲ್ಲಿ ಜನ ಇಳಿಯಬಹುದಾದ ಕೆಲವೇ ಜಾಗಗಳನ್ನು ಗುರುತಿಸಿ ತೆರೆಯಿರಿ. ಆ ಜಾಗಗಳಿಗೆ ಆಯಾ ಊರಿನ ತೆಪ್ಪದವರನ್ನೇ ಸಂಬಳದ ಕಾವಲಿಗೆ ನೇಮಿಸಿ. ಉಳಿದ ದಂಡೆಯನ್ನು ಹಾಗೆಯೇ ಬಿಟ್ಟುಬಿಡಿ. ಎಲ್ಲಿಯೂ ಹೊಸದಾಗಿ ಏನನ್ನೂ ಕಟ್ಟಬೇಡಿ.

ಹೊಳೆಗೆ ಬರುವವರನ್ನು ಪುಂಡರು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ರೂಢಿಯಾಗಿದೆ. ಪುಂಡರು ಇಲ್ಲವೆಂದಲ್ಲ. ಆದರೆ ಭಾನುವಾರ ಬಲಮುರಿಗೆ ಬರುವವರಲ್ಲಿ ಹೆಚ್ಚಿನವರು ಪುಳಿಯೋಗರೆ, ಮೊಸರನ್ನದ ಡಬ್ಬಿ ಕಟ್ಟಿಕೊಂಡು ಬರುವ ಸಂಸಾರಸ್ಥರು, ಮೈಸೂರಿನ ಹಾಸ್ಟೆಲ್ ಹುಡುಗರು, ಕಾರ್ಖಾನೆಯ ಪಾಳಿ ಮುಗಿಸಿದ ಕಾರ್ಮಿಕರು. ರೆಸಾರ್ಟಿನ ಈಜುಕೊಳಕ್ಕೆ ದುಡ್ಡು ಕೊಡಲಾಗದವರಿಗೆ ಹರಿಯುವ ನೀರಿನಲ್ಲಿ ಕಾಲಿಟ್ಟು ಕೂರುವುದಕ್ಕೆ ಹತ್ತಿರದಲ್ಲಿರುವುದು ಇದೊಂದೇ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ರಾಜಧಾನಿಯಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಹಿಂತಿರುಗುವಷ್ಟು ಹತ್ತಿರವಾಗಿದೆ ನಮ್ಮ ಹೊಳೆ. ದಾರಿ ಮಾಡಿಕೊಟ್ಟ ಸರ್ಕಾರವೇ ದಾರಿಯ ಕೊನೆಯಲ್ಲಿ ಬರಬೇಡಿ ಎಂದರೆ ಯಾರು ಕೇಳುತ್ತಾರೆ? ಅಲ್ಲದೆ, ನಮ್ಮ ಮಕ್ಕಳಿಗೆ ಕಾವೇರಿ ಎಂದರೆ ಟಿ.ವಿ.ಯಲ್ಲಿ ಕೇಳಿಬರುವ ಟಿಎಂಸಿ, ಕ್ಯುಸೆಕ್ ಅಷ್ಟೇ ಆಗಿಬಿಟ್ಟರೆ, ನಾಳೆ ಈ ಹೊಳೆಯ ಪರವಾಗಿ ಮಾತನಾಡಲು ಅದರ ನೀರನ್ನು ಮುಟ್ಟಿ ಬಲ್ಲವರು ಯಾರೂ ಉಳಿದಿರುವುದಿಲ್ಲ.

ಈ ಹೊಳೆ ಜನರನ್ನು ಹೇಗೆ ಬಲಿ ತೆಗೆದುಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಫಲಕಗಳು ಅದನ್ನು ಹೇಳುವುದಿಲ್ಲ. ಬಲಮುರಿಯಲ್ಲಿ ಜನ ಜಲಪಾತವೆಂದು ಕರೆಯುವುದು ನಿಜವಾಗಿ ಜಲಪಾತವಲ್ಲ. ನಾಲೆಗೆ ನೀರು ತಿರುಗಿಸಲು ಹಿಂದಿನವರು ಹೊಳೆಗೆ ಅಡ್ಡಲಾಗಿ ಕಟ್ಟಿದ ಕಟ್ಟೆ. ಆಳೆತ್ತರವೂ ಇಲ್ಲವೆನಿಸುವ ಆ ಕಟ್ಟೆಯ ಮೇಲಿಂದ ನೀರು ಬಿಳಿಯ ಪರದೆಯಂತೆ ಇಳಿಯುವುದನ್ನು ನೋಡಿದರೆ ಅಪಾಯದ ಯೋಚನೆಯೇ ಬರುವುದಿಲ್ಲ. ಆದರೆ ಹರಿವು ಜೋರಾಗಿರುವಾಗ, ಕೆಳಗೆ ಬಿದ್ದ ನೀರು ನೇರವಾಗಿ ಮುಂದಕ್ಕೆ ಹೋಗುವುದಿಲ್ಲ. ತಳಕ್ಕಿಳಿದು, ಒಂದಿಷ್ಟು ಮುಂದೆ ಮೇಲೆದ್ದು, ಮೇಲ್ಪದರದಲ್ಲಿ ಮತ್ತೆ ಕಟ್ಟೆಯ ಕಡೆಗೇ ಹೊರಳುತ್ತದೆ. ಅದರೊಳಗೆ ಸಿಕ್ಕವನನ್ನು, ಅವನು ಈಜು ಬಲ್ಲವನಾದರೂ, ನೀರು ಮತ್ತೆ ಮತ್ತೆ ಕಟ್ಟೆಯ ಬುಡಕ್ಕೆ ತಂದು ಅದುಮುತ್ತದೆ. ಅವನನ್ನು ಎಳೆದುಕೊಳ್ಳಲು ಹೋದ ಸ್ನೇಹಿತನೂ ಅದೇ ಸುತ್ತಿಗೆ ಸಿಲುಕುತ್ತಾನೆ. ಒಂದೇ ಗುಂಪಿನ ಇಬ್ಬರು, ಮೂವರು ಒಟ್ಟಿಗೆ ಮುಳುಗಿದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುವುದಕ್ಕೆ ಇಂಥ ಕೈಹಿಡಿದ ಸಾವುಗಳೂ ಕಾರಣ.

ಮುತ್ತತ್ತಿಯ ಕಡೆ ಅಪಾಯದ ಸ್ವರೂಪ ಬೇರೆ. ಅಲ್ಲಿ ಹೊಳೆ ಗಟ್ಟಿ ಬಂಡೆಯ ಮೇಲೆ ಹರಿಯುತ್ತದೆ. ಪ್ರವಾಹದ ಕಾಲದಲ್ಲಿ ಸುಳಿಗೆ ಸಿಕ್ಕಿದ ಕಲ್ಲುಗಳು ಒಂದೇ ಕಡೆ ತಿರುಗಿ ತಿರುಗಿ ಬಂಡೆಯಲ್ಲಿ ಒರಳಿನಂಥ ಗುಂಡಿಗಳನ್ನು ಕೊರೆದಿವೆ. ಮಂಡಿಯುದ್ದದ ನೀರಿನಲ್ಲಿ ನಡೆಯುತ್ತಿದ್ದವನ ಮುಂದಿನ ಹೆಜ್ಜೆ ಎರಡಾಳು ಆಳಕ್ಕೆ ಬೀಳಬಹುದು. ಬಂಡೆಯ ಮೇಲಿನ ಪಾಚಿ ಒಣಗಿದಾಗ ಕಾಣುವುದೇ ಇಲ್ಲ, ನೀರು ತಾಗಿದರೆ ಎಣ್ಣೆ ಬಳಿದಂತೆ ಜಾರುತ್ತದೆ. ಇವೆಲ್ಲಕ್ಕಿಂತ ಮೋಸದ್ದು ನೀರಿನ ಏರಿಳಿತ. ಆಕಾಶದಲ್ಲಿ ಒಂದು ಮೋಡವಿಲ್ಲದ ದಿನವೂ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ, ಬೆಳಿಗ್ಗೆ ನಡೆದು ದಾಟಿದ ಬಂಡೆಗೆ ಸಂಜೆ ಹಿಂತಿರುಗುವ ದಾರಿ ಇರುವುದಿಲ್ಲ.

ಇದಕ್ಕೆ ದೊಡ್ಡ ಖರ್ಚಿಲ್ಲದ ಒಂದು ಪರಿಹಾರ ನಿಮ್ಮ ಕೈಯಲ್ಲೇ ಇದೆ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಒಳಹರಿವು, ಹೊರಹರಿವಿನ ಅಂಕಿ ದಿನವೂ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಜಲಾಶಯ 124.80 ಅಡಿಯ ಗರಿಷ್ಠ ಮಟ್ಟ ಸಮೀಪಿಸಿ ಹೆಚ್ಚು ನೀರು ಬಿಡುವಾಗ ದಂಡೆಯ ಹಳ್ಳಿಗಳಿಗೆ ಎಚ್ಚರಿಕೆಯನ್ನೂ ಕೊಡಲಾಗುತ್ತದೆ. ಅಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲದಿದ್ದರೂ, ಹೊರಹರಿವನ್ನು ಹೆಚ್ಚಿಸುವ ಪ್ರತಿ ಸಲವೂ ಅದೇ ಅಂಕಿ ಕೆಳಗಿನ ದಂಡೆಯ ಕಾವಲಿನವನ ಮೊಬೈಲಿಗೆ ಮೊದಲೇ ತಲುಪಿದರೆ ಸಾಕು. ಅವನು ಸೀಟಿ ಊದಿ ಜನರನ್ನು ಮೇಲಕ್ಕೆ ಕರೆಸುತ್ತಾನೆ. ಇದಕ್ಕೆ ಹೊಸ ಯಂತ್ರವೂ ಬೇಡ, ಟೆಂಡರೂ ಬೇಡ. ಆದರೆ ಅಂಕಿಯನ್ನು ಸ್ವೀಕರಿಸಲು ದಂಡೆಯ ಮೇಲೊಬ್ಬ ಮನುಷ್ಯ ಇರಬೇಕು. ಇಂದು ಇಲ್ಲದಿರುವುದು ಆ ಮನುಷ್ಯನೇ.

ಅವನು ಯಾರು ಎಂದು ಹುಡುಕುವ ಕಷ್ಟವೂ ನಿಮಗಿಲ್ಲ. ಯಾರಾದರೂ ಮುಳುಗಿದಾಗ ಅಗ್ನಿಶಾಮಕ ದಳದವರ ಜೊತೆಯಲ್ಲಿ ನೀವು ಕರೆಸುವುದು ಆಸುಪಾಸಿನ ಊರುಗಳ ಮೀನುಗಾರರನ್ನು, ತೆಪ್ಪದವರನ್ನು. ಯಾವ ಮಡು ಎಷ್ಟು ಆಳ, ಸುಳಿ ಎಲ್ಲಿ ಎಳೆದು ಎಲ್ಲಿ ಬಿಡುತ್ತದೆ, ಸಿಕ್ಕಿಕೊಂಡದ್ದು ಎಷ್ಟು ಹೊತ್ತಿಗೆ ಯಾವ ಬಂಡೆಯ ಬಳಿ ತೇಲುತ್ತದೆ ಎಂಬುದು ಅವರಿಗೆ ಗೊತ್ತು. ಪಾತಾಳಗರಡಿ ಇಳಿಸಿ, ಇಡೀ ದಿನ ಹುಡುಕಿ, ದೇಹವನ್ನು ದಡಕ್ಕೆ ತಂದು ಒಪ್ಪಿಸಿ, ಬೀಡಿಯೊಂದನ್ನು ಹಚ್ಚಿ ಅವರು ಮನೆಗೆ ಹೋಗುತ್ತಾರೆ. ಸತ್ತ ಮೇಲೆ ಹುಡುಕಲು ಬೇಕಾಗುವ ಈ ತಿಳಿವಳಿಕೆಯನ್ನು ಸಾಯುವ ಮುಂಚೆ ಬಳಸಿಕೊಳ್ಳುವ ಏರ್ಪಾಡು ನಮ್ಮ ಆಡಳಿತಕ್ಕೆ ಇನ್ನೂ ಹೊಳೆಯದಿರುವುದು ನನಗೆ ಆಶ್ಚರ್ಯದ ಸಂಗತಿ. ಗೋವಾದ ಕಡಲತೀರಗಳಲ್ಲಿ 2008ರಿಂದ ಸಂಬಳದ ಜೀವರಕ್ಷಕರಿದ್ದಾರೆ. ಅಲ್ಲಿಯೂ ಅವರು ಬರುವ ಮುಂಚೆ ಫಲಕಗಳಿಗೇನೂ ಕೊರತೆಯಿರಲಿಲ್ಲ. ನಮ್ಮ ತೆಪ್ಪದವರಿಗೆ ಪ್ರಥಮ ಚಿಕಿತ್ಸೆ, ಎದೆ ಒತ್ತಿ ಉಸಿರು ಮರಳಿಸುವ ಕ್ರಮ, ಹಗ್ಗ ಎಸೆಯುವ ವಿಧಾನಗಳಲ್ಲಿ ತರಬೇತಿ ಕೊಟ್ಟು, ಗುರುತಿನ ಚೀಟಿ, ಸಮವಸ್ತ್ರ, ತಿಂಗಳ ಸಂಬಳ ಮತ್ತು ವಿಮೆ ಕೊಡಿ. ದಿನಗೂಲಿಯ ಲೆಕ್ಕದಲ್ಲಿ, ಹಬ್ಬದ ದಿನಕ್ಕಷ್ಟೇ ಕರೆಸುವ ಏರ್ಪಾಡು ಬೇಡ. ಈ ಕೆಲಸದವನಿಗೆ ಕುಡಿದವರನ್ನು ನೀರಿನಿಂದ ಹೊರಗೆ ಕಳಿಸುವ ಅಧಿಕಾರ ಇರಬೇಕು. ದಿನಗೂಲಿಯವನ ಮಾತನ್ನು ಕುಡಿದವನು ಕೇಳುವುದಿಲ್ಲ.

ಜನ ಬಂದರೆ ಜಾಗ ಹಾಳಾಗುತ್ತದೆ, ಆದ್ದರಿಂದ ಜನರನ್ನು ದೂರವಿಡುವುದೇ ಲೇಸು ಎಂಬ ವಾದವನ್ನು ಪರಿಸರಪ್ರೇಮಿಗಳಿಂದಲೂ ಕೇಳಿದ್ದೇನೆ. ಆ ವಾದಕ್ಕೆ ಉತ್ತರ ಇದೇ ಹೊಳೆಯ ಮೇಲೆ, ಇದೇ ತಾಲ್ಲೂಕಿನಲ್ಲಿದೆ. ರಂಗನತಿಟ್ಟಿನ ನಡುಗಡ್ಡೆಗಳು 17ನೇ ಶತಮಾನದಲ್ಲಿ ಹೊಳೆಗೆ ಕಟ್ಟೆ ಹಾಕಿದ್ದರಿಂದ ರೂಪುಗೊಂಡವು ಎನ್ನುತ್ತಾರೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ ಮೈಸೂರು ಅರಸರ ಸರ್ಕಾರ 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ಜೌಗುತಾಣವಾಯಿತು. ಇಷ್ಟು ವರ್ಷಗಳಿಂದ ಶಾಲಾ ಮಕ್ಕಳ ಬಸ್ಸುಗಳು ಅಲ್ಲಿಗೆ ಬರುತ್ತಲೇ ಇವೆ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದ ಕೊಕ್ಕುಗಳು ಗೂಡು ಕಟ್ಟುತ್ತಲೇ ಇವೆ. ಇದು ಸಾಧ್ಯವಾದದ್ದು ದೋಣಿಯಲ್ಲಿ ಹುಟ್ಟು ಹಾಕುವವನಿಂದ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗೆ ಎಷ್ಟು ಹತ್ತಿರ ಹೋಗಬಹುದು, ಗೂಡಿನ ಮರದಿಂದ ಎಷ್ಟು ದೂರ ನಿಲ್ಲಬೇಕು ಎಂಬುದು ಅವನಿಗೆ ಗೊತ್ತು. ಮಗು ಕೂಗಿದರೆ ಗದರುತ್ತಾನೆ, ಅದೇ ಮಗುವಿಗೆ ಹಾವಕ್ಕಿಯನ್ನೂ ತೋರಿಸುತ್ತಾನೆ. ಹೊಳೆ ಉಕ್ಕಿದರೆ ದೋಣಿವಿಹಾರ ನಿಲ್ಲುತ್ತದೆ, ಇಳಿದ ಮೇಲೆ ಮತ್ತೆ ಆರಂಭವಾಗುತ್ತದೆ. ಅದಕ್ಕಾಗಿ ಯಾರೂ ನಿಷೇಧಾಜ್ಞೆ ಹೊರಡಿಸುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನೂ ನೆನೆಯಬಹುದು. ಅಲ್ಲಿ ಹೆಜ್ಜಾರ್ಲೆಗಳು ಮನೆಯ ಹಿತ್ತಲಿನ ಹುಣಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ, ಊರಿನವರೇ ಅವುಗಳ ಕಾವಲು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿ ಆ ಕಾವಲಿಗೆ ಮನ್ನಣೆ ಕೊಟ್ಟಿತು.

ರಂಗನತಿಟ್ಟಿಗೆ ಬರುವವರು ನೋಡಲು ಬರುತ್ತಾರೆ, ಬಲಮುರಿಗೆ ಬರುವವರು ಮೀಯಲು ಬರುತ್ತಾರೆ, ಎರಡೂ ಒಂದೇ ಅಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದ್ದರಿಂದಲೇ ಎಲ್ಲ ಕಡೆಯೂ ಇಳಿಯಲು ಬಿಡಿ ಎಂದು ನಾನು ಕೇಳುತ್ತಿಲ್ಲ. ಕಟ್ಟೆಯಿಂದ ದೂರವಾಗಿ, ನೀರು ತೆಳುವಾಗಿ ಹರಿಯುವ ಹಾಸುಬಂಡೆಯ ಒಂದು ಭಾಗವನ್ನು ಹಗ್ಗ ಕಟ್ಟಿ ಗುರುತಿಸಿ, ನೀರು ಏರಿಳಿದಂತೆ ಆ ಹಗ್ಗವನ್ನು ಸರಿಸುವ ಕೆಲಸವನ್ನು ಕಾವಲಿನವನಿಗೆ ಬಿಡಿ. ಬೆಳಿಗ್ಗೆಯಿಂದ ಸಂಜೆ ಐದರವರೆಗೆ ಮಾತ್ರ ಪ್ರವೇಶವಿರಲಿ. ಮುಂಗಾರಿನ ತಿಂಗಳುಗಳಲ್ಲಿ ಪೂರ್ತಿ ಮುಚ್ಚಿ. ತೆರೆದ ಜಾಗವೊಂದು ಖಚಿತವಾಗಿ ಇದೆ ಎಂದು ಗೊತ್ತಾದರೆ ಮುಚ್ಚಿದ ಜಾಗಕ್ಕೆ ನುಗ್ಗುವವರ ಸಂಖ್ಯೆ ತಾನಾಗಿ ಇಳಿಯುತ್ತದೆ. ಆಗ ಪೊಲೀಸರಿಗೂ ಕಾಯಬೇಕಾದ ಜಾಗ ಕಡಿಮೆಯಾಗುತ್ತದೆ.

ಉಳಿದ ದಂಡೆ ಯಾರಿಗೆ ಸೇರಬೇಕು ಎಂಬುದನ್ನೂ ಹೇಳಬೇಕು. ಬೆಳಗಿನ ಹೊತ್ತು ಜನ ಬರುವ ಮುಂಚೆ ಹೊಳೆಯ ನಡುವಿನ ಬಂಡೆಗಳನ್ನು ಹತ್ತಿರದಿಂದ ನೋಡಿದರೆ, ಕೆಲವು ಕಡೆ ಮೀನಿನ ಪೊರೆ, ಏಡಿಯ ಚಿಪ್ಪಿನ ಚೂರುಗಳು ತುಂಬಿದ, ಕಟುವಾಸನೆಯ ಹಿಕ್ಕೆ ಕಾಣುತ್ತದೆ. ಅದು ನೀರುನಾಯಿಯದು. ಗುಂಪಾಗಿ ಬದುಕುವ ಈ ಪ್ರಾಣಿ ಒಂದೇ ಬಂಡೆಗೆ ಮತ್ತೆ ಮತ್ತೆ ಬಂದು ಗುರುತು ಹಾಕುತ್ತದೆ, ದಂಡೆಯ ಕಲ್ಲಿನ ಸಂದಿಗಳಲ್ಲಿ, ಬೇರುಗಳ ನಡುವೆ ಮರಿ ಮಾಡುತ್ತದೆ. ತುಂಗಭದ್ರೆಯಲ್ಲಿ ಅದಕ್ಕಾಗಿಯೇ 2015ರಲ್ಲಿ ಒಂದು ಸಂರಕ್ಷಣಾ ಮೀಸಲು ಪ್ರದೇಶ ಆಯಿತು. ಕಾವೇರಿಯ ನೀರುನಾಯಿಗೆ ಬಂಡೆಯ ಮೇಲೆ ಒಡೆದ ಬಿಯರ್ ಬಾಟಲಿಯ ಚೂರುಗಳಿವೆ. ನದಿ ರೀವ ಎಂಬ ಹಕ್ಕಿ ಇನ್ನೂ ಪಾಪದ್ದು. ಬೇಸಿಗೆಯಲ್ಲಿ ನೀರಿಳಿದು ಮೇಲೆದ್ದ ಮರಳಿನ ದಿಬ್ಬದ ಮೇಲೆ, ಬರಿಯ ಬಂಡೆಯ ಮೇಲೆ, ಗೂಡನ್ನೇ ಕಟ್ಟದೆ ಮೊಟ್ಟೆಯಿಡುತ್ತದೆ. ಕಲ್ಲಿನ ಬಣ್ಣದ ಆ ಮೊಟ್ಟೆಯನ್ನು ಕಂಡು ತಪ್ಪಿಸಿ ಹೆಜ್ಜೆಯಿಡುವುದು ತಿಳಿದವರಿಗೂ ಕಷ್ಟ. ಸೆಲ್ಫಿಗೆಂದು ಓಡುವವನಿಗಂತೂ ಸಾಧ್ಯವೇ ಇಲ್ಲ. ಫೆಬ್ರವರಿಯಿಂದ ಮೇ ತನಕ ಅಂಥ ದಿಬ್ಬಗಳಿಗೆ ಯಾರೂ, ಕ್ಯಾಮೆರಾ ಹಿಡಿದ ಪಕ್ಷಿಪ್ರೇಮಿಗಳೂ ಸೇರಿ, ಕಾಲಿಡದಂತೆ ನೋಡಿಕೊಳ್ಳಬೇಕು. ಇಲ್ಲಿ ನಾನು ಪೂರ್ಣ ನಿಷೇಧದ ಪರ.

ಕೆಳಗೆ ಮುತ್ತತ್ತಿ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಒಳಗಿದೆ. ಅಲ್ಲಿನ ಮಡುಗಳಲ್ಲಿರುವ ಕಿತ್ತಳೆ ರೆಕ್ಕೆಯ ಮಹಶೀರ್ ಮೀನು ಕಾವೇರಿಯ ಜಲಾನಯನ ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಇಲ್ಲ. 50 ಕಿಲೋಗಿಂತ ಹೆಚ್ಚು ತೂಗಬಲ್ಲ ಅದನ್ನು 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಹಿಂದೆ ಭೀಮೇಶ್ವರಿ, ದೊಡ್ಡಮಕ್ಕಳ್ಳಿಯ ಕಡೆ ಗಾಳ ಹಾಕಿ ಹಿಡಿದು ಮತ್ತೆ ನೀರಿಗೇ ಬಿಡುವ ಶಿಬಿರಗಳಿದ್ದವು, ವನ್ಯಜೀವಿ ಕಾಯ್ದೆಯ ಕಾರಣದಿಂದ ಅವು ನಿಂತವು. ಗಾಳದ ಆಟ ಮತ್ತೆ ಬೇಕೆಂದು ನಾನು ಹೇಳುವುದಿಲ್ಲ. ಆದರೆ ಶಿಬಿರಗಳ ಜೊತೆಗೆ, ಹಗಲು ರಾತ್ರಿ ಮಡುವಿನ ಮೇಲೆ ಕಣ್ಣಿಟ್ಟಿರುತ್ತಿದ್ದ ಹಳ್ಳಿಯ ಕಾವಲಿನವರ ಕೆಲಸವೂ ಹೋಯಿತು. ಸಿಡಿಮದ್ದು ಹಾಕಿ ಮೀನು ಹಿಡಿಯುವವನಿಗೆ ಫಲಕದ ಭಯವಿಲ್ಲ, ನೋಡುವವರ ಭಯವಿದೆ. ದಂಡೆಯ ಕಾವಲು ಕೊಟ್ಟರೆ ಒಂದೇ ಸಂಬಳದಲ್ಲಿ ಮನುಷ್ಯರ ಜೀವವೂ ಮೀನಿನ ಜೀವವೂ ಉಳಿದೀತು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇನ್ನು ಬಾಟಲಿಯ ವಿಷಯ. ಕಸ ಹಾಕಬೇಡಿ ಎಂಬ ಬೋಧನೆಯಿಂದ ಏನೂ ಆಗಿಲ್ಲ, ಆಗುವುದೂ ಇಲ್ಲ. ನೆರೆಯ ನೀಲಗಿರಿ ಜಿಲ್ಲೆಯಲ್ಲಿ ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಮೇಲೆ 2022ರಲ್ಲಿ ತಮಿಳುನಾಡು ಸರ್ಕಾರ ಮದ್ಯದ ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಾಗಿ ಪಡೆದು, ಖಾಲಿ ಬಾಟಲಿ ತಂದುಕೊಟ್ಟರೆ ಆ ಹಣವನ್ನು ಹಿಂತಿರುಗಿಸುವ ಪದ್ಧತಿಯನ್ನು ಜಾರಿಗೆ ತಂದಿತು. ಕುಡಿದವನು ಬಿಸಾಡಿದರೂ ಇನ್ನೊಬ್ಬ ಆಯ್ದು ತರುತ್ತಾನೆ, ಏಕೆಂದರೆ ಅದಕ್ಕೆ ಬೆಲೆಯಿದೆ. ಶ್ರೀರಂಗಪಟ್ಟಣ, ಬೆಳಗೊಳ, ಮಳವಳ್ಳಿ, ಹಲಗೂರಿನ ಮದ್ಯದಂಗಡಿಗಳಿಗೆ ಇದೇ ನಿಯಮ ತರುವಂತೆ ಅಬಕಾರಿ ಇಲಾಖೆಗೆ ಜಿಲ್ಲಾಡಳಿತ ಶಿಫಾರಸು ಮಾಡಲಿ. ಪ್ಲಾಸ್ಟಿಕ್ ತಟ್ಟೆ, ಲೋಟಗಳ ಮೇಲೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಹೊಳೆಯ ದಾರಿಯ ಪೆಟ್ಟಿಗೆ ಅಂಗಡಿಯಲ್ಲಿ ಅವು ಇಂದಿಗೂ ಧಾರಾಳವಾಗಿ ಸಿಗುತ್ತವೆ ಎಂಬುದನ್ನು ಬಿಟ್ಟು ಹೆಚ್ಚು ಹೇಳುವುದಿಲ್ಲ. ಹೊರಗಿನವರಷ್ಟೇ ತಪ್ಪಿತಸ್ಥರು ಎಂಬ ಭ್ರಮೆಯೂ ನಮಗೆ ಬೇಡ. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು, ಉಟ್ಟ ಬಟ್ಟೆಯನ್ನೂ ಹೊಳೆಗೇ ಬಿಟ್ಟು ಬರುವವರು ನಾವೇ. ಟ್ರ್ಯಾಕ್ಟರ್ ತೊಳೆಯುವವರೂ ನಾವೇ.

ಅಭಿವೃದ್ಧಿಯ ಬಗ್ಗೆ ಒಂದು ಮಾತು. ಯಾವುದೇ ಜಾಗದ ಕುರಿತು ಪತ್ರ ಬರೆದರೆ ಅದರ ಫಲವಾಗಿ ಸ್ವಾಗತ ಕಮಾನು, ಇಂಟರ್‌ಲಾಕ್ ಕಲ್ಲಿನ ಹಾಸು, ಬಣ್ಣದ ದೀಪ, ಗಾಜಿನ ಸೇತುವೆಯ ಅಂದಾಜುಪಟ್ಟಿ ಸಿದ್ಧವಾಗುವ ಭಯ ನನಗಿದೆ. ದೀಪ, ಕಾರಂಜಿ ನೋಡಬೇಕೆನ್ನುವವರಿಗೆ ಮೇಲೆಯೇ ಬೃಂದಾವನ ಇದೆ, ಸೊಗಸಾಗಿಯೂ ಇದೆ. ಹೊಳೆಯ ದಂಡೆಗೆ ಬೇಕಾದದ್ದು ರಸ್ತೆಯ ಬದಿಯಲ್ಲಿ, ನೀರಿನಿಂದ ದೂರದಲ್ಲಿ, ಶೌಚಾಲಯ ಮತ್ತು ಹೆಣ್ಣುಮಕ್ಕಳು ಬಟ್ಟೆ ಬದಲಾಯಿಸಲು ಒಂದು ಮರೆ. ಅವೂ ಈಗಿರುವ ಕಟ್ಟಡಗಳ ದುರಸ್ತಿಯಲ್ಲೇ ಆಗುವಂಥವು. ರಾತ್ರಿ ದಂಡೆ ಕತ್ತಲಾಗಿಯೇ ಇರಲಿ.

ಹಣ ಎಲ್ಲಿಂದ ಎಂಬ ಪ್ರಶ್ನೆಗಿಂತ ಜವಾಬ್ದಾರಿ ಯಾರದು ಎಂಬ ಪ್ರಶ್ನೆ ದೊಡ್ಡದು ಎಂದು ನನಗನಿಸುತ್ತದೆ. ಕಟ್ಟೆ ನಿಗಮದ್ದು, ದಂಡೆ ಕಂದಾಯ ಇಲಾಖೆಯದು, ಕಸ ಗ್ರಾಮ ಪಂಚಾಯಿತಿಯದು, ಕಾಡು ಅರಣ್ಯ ಇಲಾಖೆಯದು, ಫಲಕ ಪ್ರವಾಸೋದ್ಯಮ ಇಲಾಖೆಯದು, ಹೆಣ ಪೊಲೀಸರದು. ಹೊಳೆಗೆ ಬಂದ ಜೀವಂತ ಮನುಷ್ಯ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಇವರೆಲ್ಲರನ್ನೂ ಒಂದೇ ಮೇಜಿಗೆ ಕರೆಯುವ ಅಧಿಕಾರ ಜಿಲ್ಲೆಯಲ್ಲಿ ಇರುವುದು ಜಿಲ್ಲಾಧಿಕಾರಿಗಳಿಗೆ ಮಾತ್ರ, ಆದ್ದರಿಂದ ಈ ಪತ್ರದ ಮೊದಲ ವಿಳಾಸ ನಿಮ್ಮದು. ವಾಹನ ನಿಲುಗಡೆಗೆ ಶುಲ್ಕವಿಟ್ಟು, ರಸೀದಿ ಕೊಟ್ಟು, ಆ ಹಣ ಬೇರೆಲ್ಲಿಗೂ ಹೋಗದಂತೆ ಕಾವಲಿನವರ ಸಂಬಳಕ್ಕೇ ಮೀಸಲಿಟ್ಟರೆ ಹೆಚ್ಚಿನ ಭಾಗ ಅಲ್ಲಿಯೇ ಹುಟ್ಟುತ್ತದೆ. ಚಾರಣಪಥಗಳಿಗೆ ಜನರ ಮಿತಿ ಇಟ್ಟು ಮುಂಗಡ ಟಿಕೆಟ್ ಕೊಡುವ ‘ಅರಣ್ಯ ವಿಹಾರ’ ಎಂಬ ಜಾಲತಾಣವನ್ನು ಅರಣ್ಯ ಇಲಾಖೆ 2024ರಲ್ಲಿ ಆರಂಭಿಸಿದೆ. ಮುತ್ತತ್ತಿಯಲ್ಲಿ ನೀರಿಗಿಳಿಯುವ ಜಾಗಕ್ಕೂ ಅಂಥದೇ ಮಿತಿ ಇರಲಿ. ಆಂಜನೇಯನ ದರ್ಶನಕ್ಕೆ ಬರುವ ಭಕ್ತರಿಗೆ ಅದು ಅಡ್ಡಿಯಾಗಬೇಕಿಲ್ಲ. ಬಲಮುರಿಗೆ ಮಾತ್ರ ಮುಂಗಡ ಟಿಕೆಟ್ ಬೇಡ. ಸ್ಮಾರ್ಟ್‌ಫೋನ್ ಇಲ್ಲದವನೂ ಬಸ್ಸಿಳಿದು ನಡೆದುಬರಬಹುದಾದ ಒಂದಾದರೂ ಜಾಗ ಜಿಲ್ಲೆಯಲ್ಲಿ ಉಳಿಯಬೇಕು.

ಹೊಳೆಗೆ ಬರುವ ನಾಗರಿಕರಲ್ಲಿ ನನ್ನ ವಿನಂತಿ ಚಿಕ್ಕದು. ಹಗ್ಗದಾಚೆ ಹೋಗಬೇಡಿ, ಕುಡಿದು ಇಳಿಯಬೇಡಿ, ತಂದದ್ದನ್ನು ಹಿಂದಕ್ಕೆ ಒಯ್ಯಿರಿ. ಯಾರಾದರೂ ಮುಳುಗುತ್ತಿದ್ದರೆ ನೀವು ಹಾರದೆ ಪಂಚೆಯನ್ನೋ, ದುಪಟ್ಟಾವನ್ನೋ, ಉದ್ದನೆಯ ಕೊಂಬೆಯನ್ನೋ ಎಸೆಯಿರಿ.

ಮಾನ್ಯ ಜಿಲ್ಲಾಧಿಕಾರಿಗಳೇ, ಇವೆಲ್ಲವನ್ನೂ ಒಂದೇ ಸಲಕ್ಕೆ ಮಾಡಿ ಎಂದು ಕೇಳುವುದಿಲ್ಲ. ಬಲಮುರಿ ಒಂದನ್ನು ಮಾದರಿಯಾಗಿ ಆರಿಸಿಕೊಳ್ಳಿ. ಫೆಬ್ರವರಿ ಹುಟ್ಟುವುದರೊಳಗೆ ಸಂಬಂಧಪಟ್ಟ ಇಲಾಖೆಗಳ ಸಭೆಯನ್ನು ನಿಮ್ಮ ಕಚೇರಿಯ ಬದಲು ಕಟ್ಟೆಯ ಬಳಿಯೇ ಕರೆಯಿರಿ. ಆ ಸಭೆಗೆ ತೆಪ್ಪದವರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸದೆ ಕುರ್ಚಿ ಕೊಟ್ಟು ಕೂರಿಸಿ, ಹಗ್ಗ ಎಲ್ಲಿ ಕಟ್ಟಬೇಕೆಂದು ಅವರನ್ನೇ ಕೇಳಿ. ಒಂದು ಬೇಸಿಗೆ ಹಾಗೆ ನಡೆಸಿ, ಹಿಂದಿನ ಬೇಸಿಗೆಗಳ ಸಾವಿನ ಲೆಕ್ಕದ ಜೊತೆ ಹೋಲಿಸಿ, ಫಲಿತಾಂಶವನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ. ನನ್ನ ಸಲಹೆ ತಪ್ಪೆಂದು ಆ ಲೆಕ್ಕ ತೋರಿಸಿದರೆ ಬ್ಯಾರಿಕೇಡುಗಳು ಹೇಗೂ ನಿಮ್ಮ ಉಗ್ರಾಣದಲ್ಲಿರುತ್ತವೆ.

ಇಂತಿ ತಮ್ಮ ವಿಶ್ವಾಸಿ,
ಕಾವೇರಿ ದಂಡೆಯ ಒಬ್ಬ ನಿವಾಸಿ,
ಶ್ರೀರಂಗಪಟ್ಟಣ ತಾಲ್ಲೂಕು, ಮಂಡ್ಯ ಜಿಲ್ಲೆ